ಎರಡನೇ ಡೈವ್‌ನ ತಳಕ್ಕೆ ಸೂಟ್ ಆರಿಸಿ

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ಮಾಂಟರೇಯಲ್ಲಿ ಡೈವ್ ಮಾಡಬೇಕು ಎಂದುಕೊಂಡಿರುವ ಕನ್ನಡದ ಗೆಳೆಯರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ತುಂಬಾ ಜನ ಡೈವಿಂಗ್ ಕಲಿತದ್ದು ಬೆಚ್ಚಗಿನ ನೀರಿನಲ್ಲಿ. ಕೆಲವರು ಮುರುಡೇಶ್ವರದಲ್ಲಿ ದೋಣಿ ಹತ್ತಿ ನೇತ್ರಾಣಿಗೆ ಹೋದವರು, ಕೆಲವರು ಅಂಡಮಾನಿನಲ್ಲಿ ಸರ್ಟಿಫಿಕೇಟ್ ಪಡೆದವರು. ಅಲ್ಲಿ ನೀರು 27, 28 ಡಿಗ್ರಿ ಇರುತ್ತದೆ. 3 ಮಿಲಿಮೀಟರ್ ಸೂಟ್ ಹಾಕಿಕೊಂಡದ್ದು ಚಳಿ ಅಂತ ಅಲ್ಲ, ಬಂಡೆ ತರಚಬಾರದು, ಜೆಲ್ಲಿ ಮೀನು ಕುಟುಕಬಾರದು ಅಂತ. ಈಗ ನೀವೇ ಸ್ಯಾನ್ ಹೋಸೆಯಿಂದ ಒಂದೂವರೆ ಗಂಟೆ ಕಾರು ಓಡಿಸಿದರೆ ಮಾಂಟರೇ ಸಿಗುತ್ತದೆ. ಮಾಳಿಗೆ ಎತ್ತರದ ಕೆಲ್ಪ್ (ದೊಡ್ಡ ಕಡಲಪಾಚಿ) ಕಾಡು, ಅದರ ನಡುವೆ ಸೀಲ್‌ಗಳು, ಮೇಲಿಂದ ಬೀಳುವ ಹಸಿರು ಬೆಳಕು. ಅದನ್ನು ನೋಡಬೇಕು ಅನ್ನುವ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅಲ್ಲಿನ ನೀರು 10ರಿಂದ 15 ಡಿಗ್ರಿ. ಅದಕ್ಕೇ ಎಲ್ಲರ ಮೊದಲ ಪ್ರಶ್ನೆ ಒಂದೇ: ಎಷ್ಟು ಮಿಲಿಮೀಟರ್ ಸೂಟ್ ತಗೋಬೇಕು?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಾಂಟರೇಗೆ 7 ಮಿಲಿಮೀಟರಿನ ಮೈತುಂಬಾ ಸೂಟ್, ಅದರ ಜೊತೆ ತಲೆ, ಕತ್ತು ಮುಚ್ಚುವ ಹುಡ್, 5 ಮಿಲಿಮೀಟರ್ ಗ್ಲೌಸ್, ಬೂಟ್. ಚಳಿ ಜಾಸ್ತಿ ಆಗುವವರು ಒಳಗೆ ಹುಡ್ ಸೇರಿಸಿ ಹೊಲಿದ ವೆಸ್ಟ್ ಹಾಕಿಕೊಳ್ಳಬೇಕು, ಇಲ್ಲವೇ ಒಳಗೆ ನೀರೇ ಬಾರದ ಡ್ರೈಸೂಟ್ ಬಳಸಲು ಕಲಿಯಬೇಕು. ಆದರೆ ಇಷ್ಟನ್ನೇ ಹಿಡಿದುಕೊಂಡು ಅಂಗಡಿಗೆ ಹೋದರೆ ತಪ್ಪು ಸೂಟ್ ತರುವ ಸಾಧ್ಯತೆಯೇ ಜಾಸ್ತಿ. ಯಾಕೆಂದರೆ ಸೂಟಿನ ಮೇಲೆ ಬರೆದ 7 ಅನ್ನುವ ಅಂಕೆ ಅಂಗಡಿಯಲ್ಲಿ ಮಾತ್ರ ನಿಜ. ನೀರಿಗೆ ಇಳಿದ ಮೇಲೆ ಅದು ಬದಲಾಗುತ್ತಾ ಹೋಗುತ್ತದೆ.

ಮೊದಲು ಚಳಿಯ ಬಗ್ಗೆ ಎರಡು ಮಾತು. 12 ಡಿಗ್ರಿ ಗಾಳಿಯಲ್ಲಿ ಒಂದು ಸ್ವೆಟರ್ ಹಾಕಿಕೊಂಡು ಗಂಟೆಗಟ್ಟಲೆ ಓಡಾಡುತ್ತೀರಿ. 12 ಡಿಗ್ರಿ ನೀರಿನಲ್ಲಿ ಬರೀ ಮೈಯಲ್ಲಿ ಇಳಿದರೆ ಮೊದಲ ನಿಮಿಷದಲ್ಲೇ ಉಸಿರು ತಪ್ಪುತ್ತದೆ, ಆಮೇಲೆ ಸ್ವಲ್ಪ ಹೊತ್ತಿಗೆಲ್ಲ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಜೊತೆಗೆ ನೀರು ಸುಮ್ನೆ ನಿಲ್ಲುವುದೂ ಇಲ್ಲ. ಮೈಗೆ ತಾಗಿ ಬೆಚ್ಚಗಾದ ನೀರು ಸರಿದು ಹೋಗಿ ಅದರ ಜಾಗಕ್ಕೆ ತಣ್ಣೀರು ಬರುತ್ತಲೇ ಇರುತ್ತದೆ.

ಒಳಗೆ ನೀರು ಬರುವ ನಮ್ಮ ಈ ಸೂಟಿಗೆ ವೆಟ್‌ಸೂಟ್ ಅಂತ ಹೆಸರು. ಅದು ಹೇಗೆ ಬೆಚ್ಚಗಿಡುತ್ತದೆ? ಸುಮಾರು ಜನ ಹೇಳುವುದು ಹೀಗೆ: ಒಳಗೆ ಬಂದ ತೆಳು ಪದರದ ನೀರನ್ನು ಮೈ ಬಿಸಿ ಮಾಡುತ್ತದೆ, ಆ ಬಿಸಿ ನೀರು ಕಂಬಳಿಯ ಹಾಗೆ ಕಾಪಾಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಆ ನೀರು ಬೇಕೇ ಬೇಕು ಅಂತ ಏನೂ ಇಲ್ಲ, ಅದು ಇಲ್ಲದಿದ್ದರೇ ಇನ್ನೂ ಒಳ್ಳೆಯದು. ಕೆಲಸ ಮಾಡುವುದು ನಿಯೋಪ್ರೀನ್ ಅನ್ನುವ ಸೂಟಿನ ರಬ್ಬರಿನ ಒಳಗಿರುವ ಸಾವಿರಾರು ಪುಟ್ಟ ಗುಳ್ಳೆಗಳು, ಅಂದರೆ ಅವುಗಳೊಳಗಿನ ಅನಿಲ. ಇದನ್ನು ಸರಿಯಾಗಿ ಹಿಡಿದವರು ಇಲ್ಲೇ ಪಕ್ಕದ ಬರ್ಕ್ಲಿಯವರು. ಹ್ಯೂ ಬ್ರಾಡ್ನರ್ ಅಂತ ಒಬ್ಬ ಭೌತವಿಜ್ಞಾನಿ, ಯುದ್ಧದ ಕಾಲದಲ್ಲಿ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬ್ ಯೋಜನೆಯಲ್ಲಿ ಇದ್ದವರು. 1951ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಈಜುಗಾರರನ್ನು ತಣ್ಣೀರಿನಲ್ಲಿ ಹೇಗೆ ಬೆಚ್ಚಗಿಡಬೇಕು ಎಂದು ಯೋಚಿಸುತ್ತಿದ್ದರು. ಆಗ ಎಲ್ಲರೂ ಮೈ ಒದ್ದೆಯಾಗದಂತೆ ತಡೆಯುವುದು ಹೇಗೆ ಅಂತ ನೋಡುತ್ತಿದ್ದರು. ಬ್ರಾಡ್ನರ್ ಹೇಳಿದ್ದು: ಮೈ ಒದ್ದೆಯಾದರೆ ಆಗಲಿ, ಬಟ್ಟೆಯೊಳಗೇ ಗಾಳಿ ಸಿಕ್ಕಿಕೊಂಡಿದ್ದರೆ ಸಾಕು, ಬೆಚ್ಚಗಿರಬಹುದು. ಗುಳ್ಳೆಗಳಿರುವ ನಿಯೋಪ್ರೀನ್ ಬಳಸಿ ನೋಡಿ ಅಂತ ಸೂಚಿಸಿದವರು ವಿಲರ್ಡ್ ಬಾಸ್ಕಮ್ ಅನ್ನುವ ಎಂಜಿನಿಯರ್. ಬ್ರಾಡ್ನರ್ ಹೆಸರಿಗೆ ಇದರ ಪೇಟೆಂಟ್ ಆಗಲಿಲ್ಲ. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟು, ಆಮೇಲೆ ಸಾಂಟಾ ಕ್ರೂಜ್‌ಗೆ ಹೋದ ಜ್ಯಾಕ್ ಓನೀಲ್ ಇದನ್ನು ಸರ್ಫಿಂಗ್ ಮಾಡುವವರ ಮನೆಮನೆಗೂ ತಲುಪಿಸಿದರು. ಈಗ ನೀವು ಬಾಡಿಗೆಗೆ ಪಡೆಯುವ ಸೂಟಿನ ಹುಟ್ಟೂರು ನಿಮ್ಮ ಮನೆಯಿಂದ ಒಂದು ಗಂಟೆಯ ದೂರದಲ್ಲಿದೆ.

ಮಾಂಟರೇಯಲ್ಲಿ ಈ ಉಪಾಯವನ್ನು ಕಣ್ಣಾರೆ ನೋಡಬಹುದು. ಕೆಲ್ಪ್ ಸುತ್ತಿಕೊಂಡು ಅಂಗಾತ ಮಲಗಿ ತೇಲುವ ಸೀ ಆಟರ್‌ಗಳನ್ನು, ಅಂದರೆ ಸಮುದ್ರದ ನೀರುನಾಯಿಗಳನ್ನು ನೋಡಿದ್ದೀರಲ್ವಾ? ಸೀಲ್, ತಿಮಿಂಗಿಲಗಳಿಗೆ ಇರುವ ದಪ್ಪ ಕೊಬ್ಬಿನ ಪದರ ಇವಕ್ಕಿಲ್ಲ. ಒಂದು ಚದರ ಸೆಂಟಿಮೀಟರಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಕೂದಲು ಇರುತ್ತದೆ, ಅದರೊಳಗೆ ಗಾಳಿ ಹಿಡಿದಿಟ್ಟುಕೊಂಡು ಬದುಕುತ್ತವೆ. ದಿನವಿಡೀ ಮೈ ಉಜ್ಜಿಕೊಳ್ಳುವುದು ಆ ಗಾಳಿ ಹೋಗದಿರಲಿ ಅಂತ. ಅಷ್ಟಾದರೂ ಸಾಲದು, ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನಬೇಕು, ಇಲ್ಲದಿದ್ದರೆ ಮೈ ಬಿಸಿ ಉಳಿಯುವುದಿಲ್ಲ. ಅದು ಮುಳುಗುವಾಗ ಮೈಯಿಂದ ಗುಳ್ಳೆಗಳು ಮೇಲೇಳುತ್ತವೆ. ಒತ್ತಡಕ್ಕೆ ಗಾಳಿ ಕುಗ್ಗಿ, ಸ್ವಲ್ಪ ಹೊರಗೆ ಹೋಗುತ್ತಿರುತ್ತದೆ.

ನಿಮ್ಮ ಸೂಟಿಗೂ ಅದೇ ಆಗುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಅಂದರೆ ಗುಳ್ಳೆಗಳು ಅರ್ಧ. 20 ಮೀಟರಿನಲ್ಲಿ ಮೂರನೇ ಒಂದು ಭಾಗ. 30 ಮೀಟರಿನಲ್ಲಿ ಕಾಲು ಭಾಗ. ಗುಳ್ಳೆಗಳ ನಡುವಿನ ರಬ್ಬರ್ ಕುಗ್ಗುವುದಿಲ್ಲ, ಆದ್ದರಿಂದ 7 ಮಿಲಿಮೀಟರ್ ನೇರವಾಗಿ ಮೂರೂವರೆ ಆಗಿಬಿಡುವುದಿಲ್ಲ. ಆದರೂ ಬೆಚ್ಚಗಿಡುತ್ತಿದ್ದದ್ದು ಅನಿಲವೇ, ಕುಗ್ಗಿದ್ದೂ ಅದೇ. ದಡದ ಹತ್ತಿರ 8 ಮೀಟರಿನಲ್ಲಿ ಕೆಲ್ಪ್ ನಡುವೆ ಸುತ್ತುವವರಿಗೂ, ಪಾಯಿಂಟ್ ಲೋಬೋಸ್‌ನಲ್ಲಿ 30 ಮೀಟರಿಗೆ ಇಳಿಯುವವರಿಗೂ ಒಂದೇ 7 ಮಿಲಿಮೀಟರ್ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಆಳಕ್ಕೆ ಹೋದಂತೆ ನೀರೂ ತಣ್ಣಗಾಗುತ್ತದೆ, ಸೂಟೂ ತೆಳ್ಳಗಾಗುತ್ತದೆ. ಎರಡೂ ಒಟ್ಟಿಗೆ ಆಗುವುದರಿಂದ ಕೆಳಗಿನ ಚಳಿ ನಿರೀಕ್ಷೆಗಿಂತ ಜಾಸ್ತಿ ಅನಿಸುತ್ತದೆ.

ದಪ್ಪಕ್ಕಿಂತ ಮುಂಚೆ ನೋಡಬೇಕಾದದ್ದು ಅಳತೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಒಳಗೆ ಬಂದ ನೀರು ಕದಲದೆ ನಿಂತರೆ ತೊಂದರೆಯಿಲ್ಲ. ಪ್ರತಿ ಸಲ ಕೈ ಎತ್ತಿದಾಗ, ಕತ್ತು ತಿರುಗಿಸಿದಾಗ ಬೆನ್ನ ಮೇಲೆ ತಣ್ಣೀರು ಹರಿದು ಹೋದರೆ ಆ ಸೂಟ್ 7 ಇದ್ದರೂ ಒಂದೇ, 3 ಇದ್ದರೂ ಒಂದೇ. ಮೈಗೆ ಸರಿಯಾಗಿ ಅಂಟಿದ 5 ಮಿಲಿಮೀಟರ್ ಸೂಟ್, ಸಡಿಲವಾದ 7ಕ್ಕಿಂತ ಬೆಚ್ಚಗಿರುತ್ತದೆ. ಹಾಕಿಕೊಂಡು ನೋಡುವಾಗ ಸೊಂಟದ ಮೇಲೆ ಬೆನ್ನಿನ ಕುಳಿ, ಕಂಕುಳು, ಕತ್ತಿನ ಹಿಂಭಾಗ, ಮೊಣಕಾಲ ಹಿಂಭಾಗ, ಈ ಜಾಗಗಳನ್ನು ಮುಟ್ಟಿ ನೋಡಿ. ಅಲ್ಲಿ ಬಟ್ಟೆ ಎತ್ತಿಕೊಂಡು ಟೊಳ್ಳಾಗಿದ್ದರೆ ನೀರು ತುಂಬುವುದು ಅಲ್ಲೇ. ಕೂತು, ಬಗ್ಗಿ, ಎರಡೂ ಕೈ ಮೇಲೆತ್ತಿ ನೋಡಿ. ಎದೆ ಬಿಗಿದು ಪೂರ್ತಿ ಉಸಿರು ತೆಗೆದುಕೊಳ್ಳಲು ಆಗದಿದ್ದರೆ ಆ ಸೂಟ್ ಬೇಡ. ತಣ್ಣೀರಿನಲ್ಲಿ ಉಸಿರಾಟ ಮೊದಲೇ ಜೋರಾಗಿರುತ್ತದೆ, ಅದರ ಮೇಲೆ ಸೂಟೂ ಹಿಸುಕಿದರೆ ಗಾಬರಿ ಶುರುವಾಗುತ್ತದೆ.

ಹೊಲಿಗೆಯನ್ನೂ ನೋಡಿ. ಬಿಸಿ ದೇಶದ ಸೂಟುಗಳಲ್ಲಿ ಎರಡೂ ಕಡೆ ದಾರ ಕಾಣುವ ಚಪ್ಪಟೆ ಹೊಲಿಗೆ ಇರುತ್ತದೆ. ಸೂಜಿ ಪೂರ್ತಿ ತೂರಿ ಹೋಗಿರುವುದರಿಂದ ಅದರ ಒಂದೊಂದು ತೂತಲ್ಲೂ ನೀರು ಬರುತ್ತದೆ. ತಣ್ಣೀರಿನ ಸೂಟಿನಲ್ಲಿ ತುಂಡುಗಳನ್ನು ಮೊದಲು ಅಂಟಿಸಿ, ಆಮೇಲೆ ಸೂಜಿ ಆಚೆ ಬದಿಗೆ ತೂರದಂತೆ ಹೊಲಿದಿರುತ್ತಾರೆ. ಸೆಮಿ ಡ್ರೈ ಅಂತ ಮಾರುವ ಸೂಟುಗಳಲ್ಲಿ ಇದರ ಜೊತೆ ಕತ್ತು, ಮುಂಗೈ, ಕಾಲ ಮಣಿಕಟ್ಟಿನಲ್ಲಿ ನುಣುಪಾದ ರಬ್ಬರಿನ ಪಟ್ಟಿ, ನೀರು ಬಿಡದ ಜಿಪ್ ಇರುತ್ತದೆ. ಹೆಸರು ಕೇಳಿ ಮೈ ಒಣಗಿರುತ್ತದೆ ಅಂದುಕೊಳ್ಳಬೇಡಿ. ಒದ್ದೆ ಆಗುತ್ತೀರಿ, ಆದರೆ ಬಂದ ನೀರು ಅಲ್ಲೇ ಉಳಿಯುತ್ತದೆ. ಇನ್ನು 7/5 ಅಂತ ಬರೆದಿದ್ದರೆ ಮೈಗೆ 7, ಕೈಕಾಲಿಗೆ 5 ಎಂದು ಅರ್ಥ.

ಈಗ ಮಾಂಟರೇಯ ನೀರಿನ ಮಾತು. ಇಲ್ಲಿ ಜನ ತುಂಬಾ ಮೋಸ ಹೋಗುತ್ತಾರೆ. ಮೇ ತಿಂಗಳು, ಒಳ್ಳೆ ಬಿಸಿಲು, ಸ್ಯಾನ್ ಹೋಸೆಯಲ್ಲಿ ಎಲ್ಲರೂ ಅರ್ಧ ತೋಳಿನ ಅಂಗಿಯಲ್ಲಿದ್ದಾರೆ, ಹಾಗಾದರೆ ನೀರೂ ಬೆಚ್ಚಗಿರಬೇಕು ಅಲ್ವಾ? ಇಲ್ಲ. ವಸಂತದಲ್ಲಿ ವಾಯವ್ಯ ದಿಕ್ಕಿನಿಂದ ಕರಾವಳಿಯ ಉದ್ದಕ್ಕೂ ಗಾಳಿ ಬೀಸುತ್ತದೆ. ಭೂಮಿ ತಿರುಗುವುದರಿಂದ ಮೇಲ್ಮೈ ನೀರು ಗಾಳಿಯ ದಿಕ್ಕಿಗೆ ಹೋಗದೆ ಬಲಕ್ಕೆ, ಅಂದರೆ ದಡದಿಂದ ದೂರಕ್ಕೆ ಸರಿಯುತ್ತದೆ. ಆ ಖಾಲಿ ಜಾಗಕ್ಕೆ ಕೆಳಗಿನಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏಳುತ್ತದೆ. ಕೆಲ್ಪ್ ಕಾಡು ಇಷ್ಟು ಸೊಂಪಾಗಿ ಬೆಳೆಯುವುದು ಈ ನೀರಿನಿಂದಲೇ, ಹಾಗಾಗಿ ಚಳಿಯನ್ನು ಬೈಯುವ ಹಾಗಿಲ್ಲ. ಆದರೆ ಏಪ್ರಿಲ್, ಮೇ, ಜೂನ್‌ನಲ್ಲಿ ತಳದ ನೀರು 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಗಾಳಿ ಸುಮ್ಮನಾಗುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ 14, 15ಕ್ಕೆ ಏರುತ್ತದೆ. ಮೊದಲ ಸಲ ಇಳಿಯುವವರಿಗೆ ನನ್ನ ಸಲಹೆ ಅಕ್ಟೋಬರ್. ನೀರು ತಿಳಿಯಾಗಿರುವುದೂ ಸಾಮಾನ್ಯವಾಗಿ ಆಗಲೇ.

ಫೋನಿನಲ್ಲಿ ಕಾಣುವ ಸಮುದ್ರದ ಉಷ್ಣತೆ ಮೇಲ್ಮೈಯದು. ಉಪಗ್ರಹಕ್ಕಾಗಲಿ ತೇಲುವ ಬೋಯಾಗಾಗಲಿ 20 ಮೀಟರ್ ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ಅದೇ ವಾರ ಅದೇ ಜಾಗದಲ್ಲಿ ಇಳಿದವರ ಡೈವ್ ಕಂಪ್ಯೂಟರಿನಲ್ಲಿ ಅತಿ ಕಡಿಮೆ ಉಷ್ಣತೆ ಎಷ್ಟು ಬಂತು ಅಂತ ಕೇಳಿ. ಆ ಅಂಕೆಗೆ ಸೂಟ್ ಆರಿಸಿ. ಸರೋವರಗಳಲ್ಲಂತೂ ಇದು ಇನ್ನೂ ಮುಖ್ಯ. ಬೇಸಿಗೆಯಲ್ಲಿ ಮೇಲೆ 20 ಡಿಗ್ರಿ ಇರುವ ನೀರು ಒಂದು ಗೆರೆ ದಾಟಿದ ಕೂಡಲೇ ಒಂದಂಕಿಗೆ ಇಳಿಯಬಹುದು.

ಇವತ್ತು ನಾನು ಹೇಳಬೇಕು ಅಂತ ಬಂದ ಮುಖ್ಯ ಮಾತು ಇದು. ಎಲ್ಲರೂ ಸೂಟ್ ಆರಿಸುವುದು ಮೊದಲ ಡೈವ್‌ನ ಮೊದಲ ಹತ್ತು ನಿಮಿಷಕ್ಕೆ. ಇಳಿದಾಗ ತಡೆದುಕೊಳ್ಳಬಹುದು ಅನಿಸಿದರೆ ಸಾಕು ಅಂದುಕೊಳ್ಳುತ್ತಾರೆ. ನೀವು ಆರಿಸಬೇಕಾದದ್ದು ಅದೇ ದಿನದ ಎರಡನೇ ಡೈವ್‌ನ ತಳಕ್ಕೆ, ಅದರ ಕೊನೆಯ ಹತ್ತು ನಿಮಿಷಕ್ಕೆ. ಮೊದಲ ಡೈವ್‌ನಲ್ಲಿ ಮೈಯಿಂದ ಹೋದ ಶಾಖ ಒಂದು ಗಂಟೆ ದಡದಲ್ಲಿ ಕೂತರೆ ಪೂರ್ತಿ ವಾಪಸ್ ಬರುವುದಿಲ್ಲ. ಅದರಲ್ಲೂ ಒದ್ದೆ ಸೂಟಿನಲ್ಲೇ ಗಾಳಿಗೆ ನಿಂತರೆ, ಸೂಟಿನ ಬಟ್ಟೆಯಿಂದ ನೀರು ಆರುತ್ತಾ ಆರುತ್ತಾ ನೀರೊಳಗೆ ಇದ್ದದ್ದಕ್ಕಿಂತಲೂ ಚಳಿ ಹಿಡಿಯುತ್ತದೆ. ಸೂಟನ್ನು ಸೊಂಟದವರೆಗೆ ಇಳಿಸಿ, ತಲೆ ಒರೆಸಿ, ಗಾಳಿ ತಡೆಯುವ ಕೋಟು ಹಾಕಿ, ಬಿಸಿಯಾಗಿ ಏನಾದರೂ ಕುಡಿಯಿರಿ, ತಿನ್ನಿ. ತಣ್ಣೀರಿನಲ್ಲಿ ಮೂತ್ರ ಜಾಸ್ತಿ ಬರುತ್ತದೆ ಅಂತ ನೀರು ಕುಡಿಯುವುದನ್ನು ನಿಲ್ಲಿಸಬೇಡಿ. ಕೈಕಾಲಿನ ರಕ್ತ ಮೈ ನಡುವಿಗೆ ಸೇರಿಕೊಂಡಾಗ ದೇಹ ನೀರನ್ನು ಹೊರಗೆ ಹಾಕುತ್ತದೆ. ಅದನ್ನು ತುಂಬಿಕೊಳ್ಳದಿದ್ದರೆ ರಕ್ತ ಗಟ್ಟಿಯಾಗುತ್ತದೆ, ಡೈವ್ ಮಾಡುವವರಿಗೆ ಅದು ಒಳ್ಳೆಯದಲ್ಲ.

ಆಳದಲ್ಲಿ ಮೈಗೆ ಸೇರಿದ ನೈಟ್ರೋಜನ್ ಮೇಲೆ ಬರುವಾಗ ಗುಳ್ಳೆಯಾಗಿ ತೊಂದರೆ ಕೊಡುವ ಡಿಕಂಪ್ರೆಶನ್ ಕಾಯಿಲೆಗೂ ಚಳಿಗೂ ಸಂಬಂಧ ಇದೆ. 2007ರಲ್ಲಿ ಅಮೆರಿಕ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ ಒಂದು ವರದಿ ಹೊರತಂದಿತು. ತಳದಲ್ಲಿ ಬೆಚ್ಚಗಿದ್ದು ಮೇಲೆ ಬರುವಾಗ ಚಳಿಯಲ್ಲಿದ್ದವರಿಗೆ ಅಪಾಯ ಜಾಸ್ತಿ, ತಳದಲ್ಲಿ ತಣ್ಣಗಿದ್ದು ಬರುವಾಗ ಬೆಚ್ಚಗಿದ್ದವರಿಗೆ ಕಡಿಮೆ ಅಂತ ಅದರಲ್ಲಿ ಕಂಡಿತು. ಮೈ ಬೆಚ್ಚಗಿರುವಾಗ ರಕ್ತ ಎಲ್ಲ ಕಡೆ ಓಡಾಡಿ ನೈಟ್ರೋಜನ್ ತುಂಬುತ್ತದೆ. ಆಮೇಲೆ ಚಳಿಗೆ ಕೈಕಾಲಿನ ರಕ್ತನಾಳ ಮುದುಡಿದರೆ ಆ ನೈಟ್ರೋಜನ್ ಬೇಗ ಹೊರಗೆ ಬರುವುದಿಲ್ಲ. ಅವರು ಮಾಡಿದ್ದು ಉದ್ದನೆಯ ಡಿಕಂಪ್ರೆಶನ್ ಡೈವ್‌ಗಳು, ನಮ್ಮ ವಾರಾಂತ್ಯದ ಡೈವ್‌ಗಳಲ್ಲ. ಆದರೆ ಯೋಚಿಸಿ ನೋಡಿ, ವೆಟ್‌ಸೂಟ್ ಹಾಕಿದವರೆಲ್ಲ ಶುರುವಿನಲ್ಲಿ ಬೆಚ್ಚಗೆ, ಕೊನೆಯಲ್ಲಿ ತಣ್ಣಗೆ ಇರುತ್ತಾರೆ. ಕೆಟ್ಟ ಕ್ರಮವೇ ನಮ್ಮ ಕ್ರಮ. ಆ ಪ್ರಯೋಗದಲ್ಲಿ ತಣ್ಣೀರು ಅಂತ ಬಳಸಿದ್ದು ಸುಮಾರು 27 ಡಿಗ್ರಿಯ ನೀರು, ಅಂದರೆ ನಮ್ಮ ನೇತ್ರಾಣಿಯ ನೀರು! ಹಾಗಾಗಿ ಚಳಿಯಾದರೆ ಸ್ವಲ್ಪ ಸಹಿಸಿಕೊಂಡರಾಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮೈ ತಡೆಯಿಲ್ಲದೆ ನಡುಗಲು ಶುರುವಾದರೆ ಡೈವ್ ಮುಗಿಸಿ ಮೇಲೆ ಬನ್ನಿ. ಟ್ಯಾಂಕಿನಲ್ಲಿ ಎಷ್ಟೇ ಗಾಳಿ ಉಳಿದಿರಲಿ.

ತಲೆ ಮತ್ತು ಕೈ. ಮೈಯ ಅರ್ಧ ಶಾಖ ತಲೆಯಿಂದ ಹೋಗುತ್ತದೆ ಎನ್ನುವುದು ನಿಜವಲ್ಲ. ಆದರೆ ಚಳಿಯಾದಾಗ ಕೈಕಾಲಿನ ರಕ್ತನಾಳ ಮುದುಡುವ ಹಾಗೆ ನೆತ್ತಿಯ ರಕ್ತನಾಳ ಮುದುಡುವುದಿಲ್ಲ. ಆದ್ದರಿಂದ ಹುಡ್ ಇಲ್ಲದೆ ಮಾಂಟರೇಯಲ್ಲಿ ಇಳಿಯಬೇಡಿ, 5 ಅಥವಾ 7 ಮಿಲಿಮೀಟರಿನದು ಇರಲಿ. ಅದರ ಅಂಚು ಸೂಟಿನ ಕತ್ತಿನೊಳಗೆ ಸೇರಿರಬೇಕು. ಮೊದಲ ಸಲ ಹಾಕಿದಾಗ ಕತ್ತು ಹಿಡಿದಂತೆ ಅನಿಸುತ್ತದೆ, ಅದಕ್ಕೆ ಮನೆಯಲ್ಲೇ ಹಾಕಿ ಅಭ್ಯಾಸ ಮಾಡಿಕೊಳ್ಳಿ. ಗ್ಲೌಸ್ ಹಾಕಿದ ಕೈಯಲ್ಲಿ ಸೀಸದ ಬೆಲ್ಟ್ ಬಿಚ್ಚಲು, ತೇಲುವ ಜಾಕೆಟ್ಟಿಗೆ ಗಾಳಿ ತುಂಬುವ ಇನ್‌ಫ್ಲೇಟರ್ ಒತ್ತಲು ಬರಬೇಕು. ಬರದಿದ್ದರೆ ಆಳಕ್ಕೆ ಹೋಗುವುದು ಬೇಡ.

ಸೂಟ್ ದಪ್ಪವಾದಂತೆ ಸೀಸವೂ ಜಾಸ್ತಿ ಬೇಕು. ನೇತ್ರಾಣಿಯಲ್ಲಿ 4 ಕೆ.ಜಿ. ಕಟ್ಟಿಕೊಂಡು ಇಳಿದವರಿಗೆ ಇಲ್ಲಿ 10 ಕೆ.ಜಿ. ಅಥವಾ ಅದಕ್ಕೂ ಜಾಸ್ತಿ ಬೇಕಾಗಬಹುದು. ಗುಳ್ಳೆ ತುಂಬಿದ ರಬ್ಬರ್ ಮೇಲ್ಮೈಯಲ್ಲಿ ನಿಮ್ಮನ್ನು ಎತ್ತಿ ಹಿಡಿಯುತ್ತದೆ. 20 ಮೀಟರಿನಲ್ಲಿ ಗುಳ್ಳೆ ಕುಗ್ಗಿದಾಗ ಆ ಎತ್ತುವ ಶಕ್ತಿ ಹೋಗುತ್ತದೆ, ಸೀಸ ಮಾತ್ರ ಹಾಗೇ ಇರುತ್ತದೆ. ಆಗ ಬಿ.ಸಿ.ಗೆ, ಅಂದರೆ ತೇಲಲು ಹಾಕಿಕೊಳ್ಳುವ ಜಾಕೆಟ್ಟಿಗೆ, ಗಾಳಿ ತುಂಬಬೇಕು. ಮೇಲೆ ಬರುವಾಗ ಸೂಟ್ ಮತ್ತೆ ಉಬ್ಬುತ್ತದೆ, ಬಿ.ಸಿ.ಯೂ ಉಬ್ಬುತ್ತದೆ, ಅಷ್ಟರಲ್ಲಿ ಟ್ಯಾಂಕಿನ ಗಾಳಿ ಖಾಲಿಯಾಗಿ ಅದೂ ಹಗುರವಾಗಿರುತ್ತದೆ. ಸಾಮಾನ್ಯ ಅಲ್ಯುಮಿನಿಯಂ 80 ಟ್ಯಾಂಕಿನೊಳಗಿನ ಗಾಳಿಯ ತೂಕವೇ ಸುಮಾರು 2.7 ಕೆ.ಜಿ. ಕೊನೆಯ 5 ಮೀಟರಿನಲ್ಲಿ ನಿಲ್ಲಲಾಗದೆ ಮೇಲಕ್ಕೆ ಚಿಮ್ಮುವವರು ಇದನ್ನು ಲೆಕ್ಕ ಹಾಕದವರು. ಹೊಸ ಸೂಟ್ ತಂದ ದಿನ ದೊಡ್ಡ ಡೈವ್ ಇಟ್ಟುಕೊಳ್ಳಬೇಡಿ. ಸ್ಯಾನ್ ಕಾರ್ಲೋಸ್ ಬೀಚಿನ ಬ್ರೇಕ್‌ವಾಟರ್ ಪಕ್ಕದ ಆಳವಿಲ್ಲದ ನೀರಿನಲ್ಲಿ, ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಸೀಸ ಸರಿಯಾಗಿದೆಯೇ ಅಂತ ನೋಡಿಕೊಳ್ಳಿ.

ಅಭ್ಯಾಸವಾದರೆ ಚಳಿ ಕಡಿಮೆಯಾಗುತ್ತದೆ ಅಂತ ಯಾರೋ ಆಗಲೇ ಹೇಳಿದಿರಿ. ಅದರಲ್ಲಿ ಸ್ವಲ್ಪ ಸತ್ಯ ಇದೆ, ಆದರೆ ಅದಕ್ಕೆ ಕೊಡಬೇಕಾದ ಬೆಲೆ ನೋಡಿ. ಕೊರಿಯಾದ ಹೆನ್ಯೋ ಮಹಿಳೆಯರು ತಲೆಮಾರುಗಳಿಂದ ಬರೀ ಹತ್ತಿ ಬಟ್ಟೆಯಲ್ಲಿ ಸಮುದ್ರಕ್ಕೆ ಮುಳುಗಿ ಚಿಪ್ಪು, ಪಾಚಿ ತರುತ್ತಿದ್ದರು. ಚಳಿಗಾಲದ ನೀರು ಅಲ್ಲೂ 10 ಡಿಗ್ರಿಯ ಹತ್ತಿರ. ಅವರ ದೇಹ ಬೇರೆ ಜನರಿಗಿಂತ ತಡವಾಗಿ ನಡುಗುತ್ತಿತ್ತು, ಚಳಿಗಾಲದಲ್ಲಿ ಜಾಸ್ತಿ ಶಾಖ ಹುಟ್ಟಿಸುತ್ತಿತ್ತು. ವಿಜ್ಞಾನಿಗಳು ಇದನ್ನು ಅಳೆದಿದ್ದಾರೆ. 1970ರ ದಶಕದಲ್ಲಿ ಅವರು ವೆಟ್‌ಸೂಟ್ ಹಾಕಲು ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಆ ವಿಶೇಷ ಶಕ್ತಿ ಮಾಯವಾಯಿತು. ಅದಕ್ಕೆ ಅವರೇನೂ ಹಳೆ ಬಟ್ಟೆಗೆ ವಾಪಸ್ ಹೋಗಲಿಲ್ಲ. ಹತ್ತಿ ಬಟ್ಟೆಯಲ್ಲಿ ಚಳಿಗಾಲದಲ್ಲಿ ಸ್ವಲ್ಪ ಹೊತ್ತಷ್ಟೇ ನೀರಿನಲ್ಲಿರಲು ಆಗುತ್ತಿತ್ತು, ಸೂಟ್ ಬಂದ ಮೇಲೆ ಗಂಟೆಗಟ್ಟಲೆ ದುಡಿಯಲು ಆಯಿತು. ಹುಟ್ಟಿದ್ದೇ ಆ ಸಮುದ್ರದ ದಡದಲ್ಲಾದವರು ಸೂಟನ್ನು ಆರಿಸಿಕೊಂಡರು.

ಹಾಗಾದರೆ ವೆಟ್‌ಸೂಟ್ ಎಲ್ಲಿಗೆ ನಿಲ್ಲುತ್ತದೆ? ನನ್ನ ಲೆಕ್ಕ ಹೀಗೆ. 24ಕ್ಕಿಂತ ಮೇಲೆ 3 ಮಿಲಿಮೀಟರ್. 20ರಿಂದ 24ಕ್ಕೆ 5. 15ರಿಂದ 20ಕ್ಕೆ 7. 10ರಿಂದ 15ಕ್ಕೆ ಒಳ್ಳೆ 7ರ ಜೊತೆ ಹುಡ್, ಗ್ಲೌಸ್, ಚಳಿ ಜಾಸ್ತಿ ಆಗುವವರಿಗೆ ಇನ್ನೊಂದು ಪದರ ಅಥವಾ ಡ್ರೈಸೂಟ್. 10ಕ್ಕಿಂತ ಕೆಳಗೆ ಡ್ರೈಸೂಟ್ ಮಾತ್ರ. ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ವರ್ಷವಿಡೀ ನೀರು 2ರಿಂದ 4 ಡಿಗ್ರಿ, ಅಲ್ಲಿ ಡೈವ್ ಮಾಡಲು ಡ್ರೈಸೂಟ್ ಕಡ್ಡಾಯ. ಅಷ್ಟು ತಣ್ಣೀರಿನಲ್ಲಿ ಸೂಟಿನ ಚಿಂತೆ ಒಂದೇ ಅಲ್ಲ, ಟ್ಯಾಂಕಿನಿಂದ ಬಾಯಿಗೆ ಗಾಳಿ ಕೊಡುವ ರೆಗ್ಯುಲೇಟರ್ ಹೆಪ್ಪುಗಟ್ಟಿ ಗಾಳಿ ಒಂದೇ ಸಮ ಹರಿಯಲು ಶುರುವಾಗಬಹುದು, ತಣ್ಣೀರಿಗೆ ಪರೀಕ್ಷೆಯಾದದ್ದೇ ಬೇಕು. ಈ ಅಂಕೆಗಳು ಎಲ್ಲರಿಗೂ ಒಂದೇ ಅಲ್ಲ. ತೆಳ್ಳಗಿರುವವರು, ನೀರಿನಲ್ಲಿ ಜಾಸ್ತಿ ಕದಲದೆ ಫೋಟೋ ತೆಗೆಯುವವರು, ನಿದ್ದೆಗೆಟ್ಟು ಬಂದವರು ಒಂದು ಮೆಟ್ಟಿಲು ಮೇಲೆ ಆರಿಸಿಕೊಳ್ಳಿ.

ಇನ್ನು ಪ್ರಶ್ನೆಗಳು.

ಹದಿಮೂರು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದೇ ಅಂತ ಒಬ್ಬರು ಕೇಳಿದರು. ಮಕ್ಕಳ ಮೈ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಜಾಸ್ತಿ, ಹಾಗಾಗಿ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತಾರೆ. ಅವರ ಅಳತೆಯ ಸೂಟ್ ಸಿಗದಿದ್ದರೆ ಕರೆದುಕೊಂಡು ಹೋಗಬೇಡಿ, ಅಮ್ಮನ ಸೂಟ್ ಹಾಕಿಸಬೇಡಿ. ಸಿಕ್ಕರೆ ಅಕ್ಟೋಬರ್‌ನಲ್ಲಿ, ಆಳವಿಲ್ಲದ ಕಡೆ, ದಿನಕ್ಕೆ ಒಂದೇ ಡೈವ್. ಚಳಿಯಾಗುತ್ತಿದೆಯೇ ಅಂತ ಕೇಳಿದರೆ ಮಕ್ಕಳು ಇಲ್ಲ ಅನ್ನುತ್ತಾರೆ, ತುಟಿ ಮತ್ತು ಬೆರಳು ನೋಡಿ.

5 ಮಿಲಿಮೀಟರ್ ಸೂಟ್ ಮೊದಲೇ ಇದೆ, ಅದರ ಮೇಲೆ 3 ಹಾಕಿದರೆ 8 ಆಗುತ್ತಲ್ವಾ ಅಂತ ಇನ್ನೊಬ್ಬರು. ಎರಡೂ ಒಂದರ ಮೇಲೊಂದು ಅಂಟಿ ಕೂತರೆ ಹತ್ತಿರ ಹತ್ತಿರ ಆಗುತ್ತದೆ. ಆದರೆ ಎರಡು ಪೂರ್ತಿ ಸೂಟ್ ಹಾಕಿದರೆ ಮೊಣಕೈ, ಭುಜ ಮಡಚುವುದೇ ಕಷ್ಟ. ಅದರ ಬದಲು 5ರ ಕೆಳಗೆ ಹುಡ್ ಇರುವ ತೋಳಿಲ್ಲದ ವೆಸ್ಟ್ ಹಾಕಿ. ಕತ್ತು, ಎದೆ ಮುಚ್ಚುತ್ತದೆ, ನೀರು ನುಗ್ಗುವ ದಾರಿಯೂ ಮುಚ್ಚುತ್ತದೆ. ಅಕ್ಟೋಬರ್‌ನ ಒಂದು ಡೈವ್‌ಗೆ ಸಾಕಾಗಬಹುದು, ಮೇ ತಿಂಗಳಿಗೆ ಸಾಲದು.

ಹಳೆ ಸೂಟ್ ಕೊಳ್ಳಬಹುದೇ ಅನ್ನುವುದು ಕೊನೆಯ ಪ್ರಶ್ನೆ. ನಿಯೋಪ್ರೀನ್ ಪ್ರತಿ ಡೈವ್‌ನಲ್ಲೂ ಹಿಸುಕಿಸಿಕೊಂಡು ಮತ್ತೆ ಉಬ್ಬುತ್ತದೆ. ವರ್ಷಗಳಾದ ಮೇಲೆ ಗುಳ್ಳೆಗಳು ಒಡೆದು ಚಪ್ಪಟೆಯಾಗುತ್ತವೆ. ಲೇಬಲ್ ಮೇಲೆ 7 ಅಂತಲೇ ಇರುತ್ತದೆ, ಬಟ್ಟೆ ಮಾತ್ರ 5ರ ಹಾಗಿರುತ್ತದೆ. ಹೆಚ್ಚು ಮಡಚದ ಜಾಗವಾದ ಬೆನ್ನಿನ ಮೇಲ್ಭಾಗವನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ, ಆಮೇಲೆ ತೊಡೆ, ಕುಂಡಿ, ಭುಜ ಹಿಸುಕಿ ನೋಡಿ. ಬೆರಳು ಬಿಟ್ಟ ಕೂಡಲೇ ಉಬ್ಬಿ ಬರಬೇಕು. ಕಾಗದದ ಹಾಗೆ ಗಟ್ಟಿಯಾಗಿದ್ದರೆ, ಸುಕ್ಕು ಹಾಗೇ ಉಳಿದರೆ ಬೇಡ. ಕತ್ತಿನ ರಬ್ಬರ್ ಬಿರುಕು ಬಿಟ್ಟಿದೆಯೇ, ಜಿಪ್ಪಿನ ಹಿಂದಿನ ಪಟ್ಟಿ ಅಗಲವಾಗಿದೆಯೇ ನೋಡಿ. ಬಾಡಿಗೆ ಸೂಟಿಗೂ ಇದನ್ನೇ ಮಾಡಿ. ಚೆನ್ನಾಗಿಲ್ಲದಿದ್ದರೆ ಬೇರೆ ಕೊಡಿ ಅಂತ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ.